ಮೈದಾನ ಯಾರದು, ಲೆಕ್ಕ ಕೇಳುವವರು ಯಾರು?

ಆಟದ ಮೈದಾನಗಳ ಬಳಕೆ, ಅಲ್ಲಿ ನಡೆಯುವ ತರಬೇತಿ ಶಿಬಿರ ಮತ್ತು ಪಂದ್ಯಾವಳಿಗಳು, ಇವುಗಳ ಮೇಲೆ ಸ್ಥಳೀಯ ಸಂಸ್ಥೆಗಳು ಇಡಬೇಕಾದ ನಿಗಾ ಕುರಿತು ನಮ್ಮ ಭಾಗದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ವಾರ್ಡಿನ ಮೈದಾನದಲ್ಲಿ ಖಾಸಗಿ ಕ್ರಿಕೆಟ್ ಅಕಾಡೆಮಿಯೊಂದು ಕಾಯಂ ಆಗಿ ನೆಟ್ ಹಾಕಿಕೊಂಡಿದೆ. ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಅವರದೇ ಅಭ್ಯಾಸ ನಡೆಯುತ್ತದೆ. ತಿಂಗಳ ಶುಲ್ಕ ಕಟ್ಟದ ಓಣಿಯ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಕೇಳಿದರೆ ‘ಪಾಲಿಕೆಯ ಪರವಾನಗಿ ಇದೆ’ ಎನ್ನುತ್ತಾರೆ, ಕಾಗದ ಮಾತ್ರ ತೋರಿಸುವುದಿಲ್ಲ. ನಾವೇನು ಮಾಡಬೇಕು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅಕಾಡೆಮಿಯವರೊಂದಿಗೆ ವಾದಕ್ಕಿಳಿಯುವ ಮೊದಲು ಆ ಜಾಗದ ಮಾಲೀಕರು ಯಾರೆಂಬುದನ್ನು ಕಾಗದದಲ್ಲಿ ಖಚಿತಪಡಿಸಿಕೊಳ್ಳಿ. ಅವಳಿ ನಗರದಲ್ಲಿ ನೋಡಲು ಒಂದೇ ಬಗೆಯಾಗಿರುವ ಮೈದಾನಗಳು ಬೇರೆ ಬೇರೆ ಒಡೆತನದಲ್ಲಿವೆ. ಹುಬ್ಬಳ್ಳಿಯ ನೆಹರೂ ಮೈದಾನ ಮಹಾನಗರ ಪಾಲಿಕೆಯದು. ಧಾರವಾಡದ ಆರ್.ಎನ್. ಶೆಟ್ಟಿ ಜಿಲ್ಲಾ ಕ್ರೀಡಾಂಗಣವನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನೋಡಿಕೊಳ್ಳುತ್ತದೆ. ಇವಲ್ಲದೆ ಕಾಲೇಜುಗಳ ಮೈದಾನಗಳಿವೆ, ರೈಲ್ವೆಯ ಮೈದಾನಗಳಿವೆ, ಸರ್ಕಾರಿ ಶಾಲೆಗಳ ಅಂಗಳಗಳಿವೆ, ಬಡಾವಣೆ ರಚನೆಯಾದಾಗ ಬಿಟ್ಟ ಬಯಲು ಜಾಗಗಳಿವೆ. ಮಾಲೀಕರು ಬದಲಾದಂತೆ ಅರ್ಜಿ ಕೊಡಬೇಕಾದ ಕಚೇರಿಯೂ ಅನ್ವಯಿಸುವ ನಿಯಮವೂ ಬದಲಾಗುತ್ತವೆ. ನಗರ ಮಾಪನ ಕಚೇರಿಯಲ್ಲಿ ಆ ಜಾಗದ ಉತಾರವನ್ನು ಪಡೆಯಿರಿ. ಬಡಾವಣೆಯ ಜಾಗವಾಗಿದ್ದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಅನುಮೋದಿತ ನಕ್ಷೆಯ ಪ್ರತಿ ಸಿಗುತ್ತದೆ. ಪಾಲಿಕೆಯ 12 ವಲಯ ಕಚೇರಿಗಳಲ್ಲಿ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆಯೋ ಅಲ್ಲಿ ಪಾಲಿಕೆಯ ಆಸ್ತಿ ವಹಿಯನ್ನು ನೋಡಲು ಕೇಳಬಹುದು.

ಜಾಗ ಪಾಲಿಕೆಯದೇ ಎಂದು ಖಚಿತವಾದರೆ ಮುಂದಿನ ದಾರಿ ಸ್ಪಷ್ಟವಾಗಿದೆ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿದ 12ನೇ ಅನುಸೂಚಿಯಲ್ಲಿ ಉದ್ಯಾನ, ತೋಟ ಮತ್ತು ಆಟದ ಮೈದಾನಗಳಂಥ ನಾಗರಿಕ ಸೌಲಭ್ಯಗಳನ್ನು ಒದಗಿಸುವುದು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ 1985ರಿಂದಲೇ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದು ಪ್ರತ್ಯೇಕ ಅಧಿನಿಯಮವಿದೆ. ಸ್ಥಳೀಯ ಸಂಸ್ಥೆಯು ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಬೇಕು ಎಂದೂ, ಪಟ್ಟಿಯಲ್ಲಿರುವ ಜಾಗವನ್ನು ಮಂಜೂರಾತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸಬಾರದು ಎಂದೂ ಅದು ಹೇಳುತ್ತದೆ. ನಿಮ್ಮ ಮೈದಾನ ಆ ಪಟ್ಟಿಯಲ್ಲಿದೆಯೇ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಪರವಾನಗಿಯ ಸ್ವರೂಪ. ‘ಪರವಾನಗಿ ಇದೆ’ ಎಂಬ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿರಬಹುದು. ಯಾರೋ ಒಬ್ಬ ಅಧಿಕಾರಿ ಅಥವಾ ಪಾಲಿಕೆ ಸದಸ್ಯರು ಬಾಯಿಮಾತಿನಲ್ಲಿ ‘ಆಡ್ರಿ’ ಎಂದಿದ್ದರೆ ಅದಕ್ಕೆ ಕಚೇರಿಯ ದೃಷ್ಟಿಯಲ್ಲಿ ಬೆಲೆಯಿಲ್ಲ. ಇಂತಿಷ್ಟು ದಿನ, ಇಂತಿಷ್ಟು ಗಂಟೆ ಎಂದು ಬರೆದು ಶುಲ್ಕ ಕಟ್ಟಿಸಿಕೊಂಡು ಕೊಟ್ಟ ತಾತ್ಕಾಲಿಕ ಅನುಮತಿಯಾಗಿದ್ದರೆ ಅದು ಆ ಗಂಟೆಗಳಿಗೆ ಮಾತ್ರ ಸೀಮಿತ, ಉಳಿದ ಹೊತ್ತಿನಲ್ಲಿ ಮಕ್ಕಳನ್ನು ತಡೆಯುವ ಹಕ್ಕು ಅದರಿಂದ ಬರುವುದಿಲ್ಲ. ವರ್ಷಗಟ್ಟಲೆ ಲೀಸ್ ಕೊಟ್ಟಿದ್ದರೆ ಅದರ ಹಿಂದೆ ಪಾಲಿಕೆಯ ಸಾಮಾನ್ಯ ಸಭೆಯ ಠರಾವು ಮತ್ತು ಸಹಿಯಾದ ಕರಾರುಪತ್ರ ಇರಲೇಬೇಕು. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಹೂಡುವ ಜಗಳದಿಂದ ಓಣಿಯಲ್ಲಿ ಮನಸ್ತಾಪವೊಂದೇ ಬೆಳೆಯುತ್ತದೆ.

ಇದಕ್ಕೆ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಆದ್ದರಿಂದ ದೂರನ್ನು ಅದರೊಳಗೆ ಸೇರಿಸಬೇಡಿ, ದಾಖಲೆಗಳನ್ನಷ್ಟೇ ಕೇಳಿ: ಇಂಥ ಮೈದಾನದ ಬಳಕೆಗೆ ಇಂಥ ದಿನಾಂಕದಿಂದ ಈವರೆಗೆ ನೀಡಿದ ಎಲ್ಲ ಅನುಮತಿ ಪತ್ರಗಳು, ಅದಕ್ಕೆ ಸಂಬಂಧಿಸಿದ ಠರಾವು ಮತ್ತು ಕರಾರು, ಜಮೆಯಾದ ಶುಲ್ಕದ ರಸೀದಿಗಳು, ಸ್ಥಳ ಪರಿಶೀಲನೆ ನಡೆದಿದ್ದರೆ ಅದರ ವರದಿ. ‘ಏಕೆ ಕೊಟ್ಟಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ‘ಕೊಟ್ಟ ಆದೇಶದ ಪ್ರತಿ ಕೊಡಿ’ ಎಂದು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೂ, ಅಲ್ಲಿಯೂ ಪರಿಹಾರ ಸಿಗದಿದ್ದರೆ 90 ದಿನಗಳಲ್ಲಿ ಕರ್ನಾಟಕ ಮಾಹಿತಿ ಆಯೋಗಕ್ಕೂ ಹೋಗಬಹುದು. ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೂ ಬೇಸರಪಡಬೇಡಿ. ಪರವಾನಗಿ ಇಲ್ಲ ಎಂಬುದಕ್ಕೆ ಪಾಲಿಕೆಯೇ ಸಹಿ ಮಾಡಿಕೊಟ್ಟ ಕಾಗದ ಅದು.

ಇಲ್ಲಿ ನಮ್ಮ ಅಭಿಪ್ರಾಯವೊಂದನ್ನು ಮರೆಮಾಚದೆ ಹೇಳುತ್ತೇವೆ. ಅಕಾಡೆಮಿಯನ್ನು ಮೈದಾನದಿಂದ ಹೊರಗೆ ಹಾಕಿಸುವುದು ನಿಮ್ಮ ಗುರಿಯಾಗಬಾರದು. ಒಳ್ಳೆಯ ತರಬೇತುದಾರರು ಸಿಗುವುದೇ ಕಷ್ಟವಾಗಿರುವ ಊರುಗಳಲ್ಲಿ ಅವರಿಗೂ ಜಾಗ ಬೇಕು. ಆದರೆ ತೆರಿಗೆಯ ಹಣದಲ್ಲಿ ಉಳಿದಿರುವ ಮೈದಾನದಲ್ಲಿ ಶುಲ್ಕ ಕೊಡುವ ಮಗುವಿಗೆ ಇರುವ ಹಕ್ಕು ಶುಲ್ಕ ಕೊಡಲಾಗದ ಮಗುವಿಗೂ ಇದೆ, ಮತ್ತು ಶಾಲೆ ಬಿಟ್ಟ ನಂತರ ಕತ್ತಲಾಗುವವರೆಗಿನ ಹೊತ್ತು ಎಲ್ಲ ಮಕ್ಕಳಿಗೂ ಇರುವ ಒಂದೇ ಹೊತ್ತು. ಆ ಹೊತ್ತಿನಲ್ಲಿ ಮೈದಾನದ ಕನಿಷ್ಠ ಅರ್ಧ ಭಾಗ ಯಾವ ಸಂಸ್ಥೆಯ ಹೆಸರಿಗೂ ಬರೆಯದೆ ಮುಕ್ತವಾಗಿರಬೇಕೆಂದು ಪಾಲಿಕೆ ನಿಯಮ ಮಾಡಬೇಕು. ಅನುಮತಿ ಪತ್ರದಲ್ಲಿ ದಿನ ಮತ್ತು ಗಂಟೆ, ಬಳಸುವ ಭಾಗದ ನಕ್ಷೆ, ಶುಲ್ಕ, ಬಡ ಮಕ್ಕಳಿಗೆ ಉಚಿತವಾಗಿ ಕಾದಿಟ್ಟ ಸ್ಥಾನಗಳು, ನೆಟ್ ಮತ್ತು ಕಂಬಗಳನ್ನು ತೆಗೆಯುವ ಹೊಣೆ, ಅವಧಿ ಮುಗಿಯುವ ದಿನಾಂಕ ಇಷ್ಟಾದರೂ ಇರಬೇಕು. ಅದರ ಪ್ರತಿಯನ್ನು ಮೈದಾನದ ಗೇಟಿನಲ್ಲಿ ಫಲಕವಾಗಿ ಹಾಕಿದರೆ ಅರ್ಧದಷ್ಟು ಜಗಳಗಳು ಅಲ್ಲಿಯೇ ನಿಲ್ಲುತ್ತವೆ. ಈ ಬೇಡಿಕೆಯನ್ನು ಇಪ್ಪತ್ತು ಮನೆಗಳವರ ಸಹಿಯೊಂದಿಗೆ ವಾರ್ಡ್ ಸಮಿತಿಯ ಸಭೆಗೆ ಒಯ್ಯಿರಿ. ಆ ಸಮಿತಿಗೆ ನಿಮ್ಮ ಪಾಲಿಕೆ ಸದಸ್ಯರೇ ಅಧ್ಯಕ್ಷರಾಗಿರುವುದರಿಂದ ನಡಾವಳಿಯಲ್ಲಿ ನಿಮ್ಮ ಮಾತು ದಾಖಲಾಗುವಂತೆ ನೋಡಿಕೊಳ್ಳಿ. ಶುಲ್ಕ ವಸೂಲಾಗಿಯೂ ಪಾಲಿಕೆಗೆ ಜಮೆಯಾಗಿಲ್ಲ ಎಂದು ದಾಖಲೆಗಳಿಂದ ಕಂಡುಬಂದರೆ ಆಯುಕ್ತರಿಗೆ ಮತ್ತು ಲೆಕ್ಕಪತ್ರಗಳ ಸ್ಥಾಯಿ ಸಮಿತಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ. ಅಧಿಕಾರಿಗಳ ದುರಾಡಳಿತದ ಪ್ರಶ್ನೆಯಾದರೆ ಲೋಕಾಯುಕ್ತದ ಬಾಗಿಲೂ ತೆರೆದಿದೆ.

ಪ್ರಶ್ನೆ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬಂದರೆ ಮೈದಾನಗಳ ಗತಿ ಏನು? (ಮಾಳಮಡ್ಡಿ, ಧಾರವಾಡ)

ಉತ್ತರ: 1962ರಿಂದ ಒಂದೇ ಆಗಿದ್ದ ಪಾಲಿಕೆಯನ್ನು ವಿಭಜಿಸಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಇಂಥ ವಿಭಜನೆಯಲ್ಲಿ ಆಸ್ತಿ ವಹಿಗಳು ಕೈ ಬದಲಾಗುತ್ತವೆ. ವಹಿಯಲ್ಲಿ ಸರಿಯಾಗಿ ನಮೂದಾಗದ ಬಯಲು ಜಾಗವು ಆಗ ಯಾರ ಲೆಕ್ಕಕ್ಕೂ ಸೇರದೆ ಉಳಿಯುವ ಅಪಾಯವಿದೆ, ಒತ್ತುವರಿದಾರರು ಕಾಯುವುದೂ ಇಂಥ ಹೊತ್ತಿಗೇ. ಆದ್ದರಿಂದ ನಿಮ್ಮ ವಾರ್ಡಿನ ಪ್ರತಿಯೊಂದು ಮೈದಾನದ ಸರ್ವೆ ಸಂಖ್ಯೆ, ವಿಸ್ತೀರ್ಣ ಮತ್ತು ಚಕ್ಕುಬಂದಿ ವಹಿಯಲ್ಲಿ ಬಂದಿದೆಯೇ ಎಂದು ಈಗಲೇ ಪರಿಶೀಲಿಸಿ. ಬಂದಿಲ್ಲವಾದರೆ ವಲಯ ಕಚೇರಿಗೆ ಲಿಖಿತವಾಗಿ ತಿಳಿಸಿ.

ಪ್ರಶ್ನೆ: ನಮ್ಮ ಬಡಾವಣೆಯ ನಕ್ಷೆಯಲ್ಲಿ ‘ಆಟದ ಬಯಲು’ ಎಂದು ತೋರಿಸಿರುವ ಜಾಗದಲ್ಲಿ ಸಮುದಾಯ ಭವನ ಕಟ್ಟಲು ಭೂಮಿಪೂಜೆ ಮಾಡಿದ್ದಾರೆ. ಭವನವೂ ಸಾರ್ವಜನಿಕರಿಗೇ ಅಲ್ಲವೇ ಎಂದು ಕೇಳುತ್ತಾರೆ. ನಿವಾಸಿಗಳು ಇದನ್ನು ಪ್ರಶ್ನಿಸಬಹುದೇ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಪ್ರಶ್ನಿಸಬಹುದು, ಮತ್ತು ಅಡಿಪಾಯ ಏಳುವ ಮೊದಲೇ ಪ್ರಶ್ನಿಸಬೇಕು. ಬಡಾವಣೆಗೆ ಅನುಮೋದನೆ ಕೊಡುವಾಗ ಉದ್ಯಾನ ಮತ್ತು ಬಯಲಿಗೆಂದು ಒಂದು ಪಾಲನ್ನೂ, ನಾಗರಿಕ ಸೌಲಭ್ಯಗಳ ನಿವೇಶನಕ್ಕೆಂದು ಇನ್ನೊಂದು ಪಾಲನ್ನೂ ಬೇರೆ ಬೇರೆಯಾಗಿ ಬಿಡಿಸಲಾಗುತ್ತದೆ. ಭವನ, ಶಾಲೆ, ಆಸ್ಪತ್ರೆಗಳಿಗೆ ಎರಡನೆಯ ಪಾಲಿನಲ್ಲಿ ಅವಕಾಶವಿದೆ. ಮೊದಲನೆಯದು ಬಯಲಾಗಿಯೇ ಉಳಿಯಬೇಕಾದ ಜಾಗ.

ಈ ವಿಷಯದಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ದೇಶಕ್ಕೆಲ್ಲ ಮಾದರಿಯಾಯಿತು. ಬೆಂಗಳೂರಿನ ಸದಾಶಿವನಗರದ ಬಡಾವಣೆಯಲ್ಲಿ ಉದ್ಯಾನಕ್ಕೆ ಕಾದಿಟ್ಟ ಜಾಗವನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ನರ್ಸಿಂಗ್ ಹೋಮ್ ಕಟ್ಟಲು ಹಂಚಿಕೆ ಮಾಡಲಾಗಿತ್ತು. ಆಸ್ಪತ್ರೆಯೂ ಜನರ ಉಪಯೋಗಕ್ಕೇ ಎಂಬ ವಾದ ಅಲ್ಲಿಯೂ ಬಂದಿತ್ತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅವರ ನಡುವಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆ ಕಾನೂನುಬಾಹಿರ ಎಂದು ಎತ್ತಿಹಿಡಿಯಿತು. ಬಯಲು ಜಾಗ ಉಳಿಯುವುದರಲ್ಲಿ ಆ ಬಡಾವಣೆಯ ನಿವಾಸಿಗಳಿಗೆ ನೇರ ಹಿತಾಸಕ್ತಿ ಇರುವುದರಿಂದ ಅವರು ನ್ಯಾಯಾಲಯಕ್ಕೆ ಬರಬಹುದು ಎಂಬುದನ್ನೂ ಸ್ಪಷ್ಟಪಡಿಸಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆಯಿಲ್ಲ.

ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಮತ್ತು ಆ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರದ ಪ್ರತಿ ಇವೆರಡನ್ನೂ ಮೊದಲು ಕೈಗೆ ಪಡೆದುಕೊಳ್ಳಿ. ಪಾಲಿಕೆ ಆಯುಕ್ತರಿಗೂ ಪ್ರಾಧಿಕಾರದ ಆಯುಕ್ತರಿಗೂ ಆಕ್ಷೇಪಣೆ ಸಲ್ಲಿಸಿ. ಕಾಮಗಾರಿ ನಿಲ್ಲದಿದ್ದರೆ ವಕೀಲರ ಮೂಲಕ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವುದು ಸೂಕ್ತ, ಏಕೆಂದರೆ ಕಟ್ಟಡ ಎದ್ದು ನಿಂತ ಮೇಲೆ ‘ಈಗಾಗಲೇ ಸಾರ್ವಜನಿಕ ಹಣ ಖರ್ಚಾಗಿದೆ’ ಎಂಬ ವಾದವನ್ನೂ ನೀವು ಎದುರಿಸಬೇಕಾಗುತ್ತದೆ.

ಪ್ರಶ್ನೆ: ನಗರಸಭೆಯ ಮೈದಾನವನ್ನು ಎಕ್ಸಿಬಿಷನ್, ಸಭೆ, ಮದುವೆಗಳಿಗೆ ಬಾಡಿಗೆಗೆ ಕೊಡುತ್ತಾರೆ. ಪೆಂಡಾಲು ಎತ್ತಿದ ಮೇಲೆ ನೆಲ ಗುಂಡಿ ಬಿದ್ದು, ಮೊಳೆ, ಗಾಜು ತುಂಬಿಕೊಂಡು, ತಿಂಗಳಾನುಗಟ್ಟಲೆ ಆಡಲು ಬರುವುದಿಲ್ಲ. ಉಳಿದ ದಿನ ರಾತ್ರಿಯಿಡೀ ಟೆನಿಸ್ ಬಾಲ್ ಪಂದ್ಯಾವಳಿಗಳ ಧ್ವನಿವರ್ಧಕ. ಕೇಳುವವರಿಲ್ಲವೇ? (ಬೆಟಗೇರಿ, ಗದಗ)

ಉತ್ತರ: ಆದಾಯದ ಆಸೆಗೆ ಮೈದಾನವನ್ನು ಬಾಡಿಗೆ ಕೊಡುವ ರೂಢಿ ನಮ್ಮ ಭಾಗದ ಸ್ಥಳೀಯ ಸಂಸ್ಥೆಗಳಲ್ಲಿ ಹಳೆಯದು. ಗದಗ ಭಾಗದ ಎರೆ ಮಣ್ಣಿನಲ್ಲಿ ಇದರ ಹಾನಿ ಇನ್ನೂ ಹೆಚ್ಚು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಸಿ ಇರುವಾಗ ಲಾರಿ, ಜೋಕಾಲಿಯ ತೊಟ್ಟಿಲು, ಪೆಂಡಾಲಿನ ಕಂಬಗಳ ಭಾರ ಬಿದ್ದರೆ ಆದ ಗಾಲಿ ಹಾದಿಗಳು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಅವುಗಳ ಮೇಲೆ ಓಡುವ ಮಗುವಿನ ಕಾಲು ಉಳುಕದೆ ಇರುವುದು ಪುಣ್ಯ. ಮೇಲಿನ ಪದರವನ್ನು ಸಡಿಲಿಸಿ, ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸದೆ ಅಂಥ ನೆಲ ಸರಿಹೋಗುವುದಿಲ್ಲ. ಈ ಖರ್ಚು ಬಾಡಿಗೆಯ ಮೊತ್ತಕ್ಕಿಂತ ಹೆಚ್ಚಾದರೆ ನಗರಸಭೆ ನಷ್ಟದ ವ್ಯಾಪಾರ ಮಾಡಿದಂತಾಯಿತು. ಆದ್ದರಿಂದ ಬಾಡಿಗೆಯ ಜೊತೆಗೆ ನೆಲ ದುರಸ್ತಿಯ ಅಂದಾಜಿಗೆ ಸರಿಸಮವಾದ ಠೇವಣಿಯನ್ನು ಕಟ್ಟಿಸಿಕೊಳ್ಳಬೇಕು, ಮೈದಾನ ಕೊಡುವ ಮೊದಲು ಮತ್ತು ಹಿಂಪಡೆಯುವಾಗ ಎಂಜಿನಿಯರ್ ಸಮಕ್ಷಮ ಛಾಯಾಚಿತ್ರಸಹಿತ ಪಂಚನಾಮೆ ಮಾಡಬೇಕು, ಮಳೆಗಾಲದಲ್ಲಿ ವಾಹನ ಇಳಿಯುವ ಕಾರ್ಯಕ್ರಮಗಳಿಗೆ ಮೈದಾನವನ್ನು ಕೊಡಲೇಬಾರದು. ಇಷ್ಟನ್ನು ನಗರಸಭೆ ತನ್ನ ಠರಾವಿನ ಮೂಲಕವೇ ಜಾರಿಗೆ ತರಬಹುದು, ರಾಜಧಾನಿಯಿಂದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ವರ್ಷದಲ್ಲಿ ಎಷ್ಟು ದಿನ ಮೈದಾನವನ್ನು ಕ್ರೀಡೇತರ ಕೆಲಸಕ್ಕೆ ಕೊಡಬಹುದು ಎಂಬುದಕ್ಕೂ ಮಿತಿಯಿರಬೇಕು. ಆ ಮಿತಿಯನ್ನು ಬಜೆಟ್ ಪೂರ್ವ ಸಭೆಯಲ್ಲಿ ಕೇಳಿರಿ, ನಿಮ್ಮ ಸದಸ್ಯರಿಂದ ಉತ್ತರ ಪಡೆಯಿರಿ.

ಗದಗಿನವರಿಗೆ ಒಂದು ಮಾತನ್ನು ವಿಶೇಷವಾಗಿ ನೆನಪಿಸಬೇಕೆನಿಸುತ್ತದೆ. 1996ರಲ್ಲಿ ಭಾರತ ಟೆಸ್ಟ್ ತಂಡಕ್ಕೆ ಆಡಿದ ನಿಮ್ಮ ಊರಿನ ಸುನೀಲ ಜೋಶಿ ಅವರು ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಿಗೆ ಹಿಂದಿರುಗುತ್ತಿದ್ದರು. ಅಷ್ಟು ದೂರದ ಓಡಾಟ ಎಲ್ಲ ಮಕ್ಕಳಿಂದ ಆಗದು. ಊರಿನಲ್ಲಿರುವ ನೆಲವನ್ನು ಆಡಲು ಯೋಗ್ಯವಾಗಿ ಇಡುವುದು ನಗರಸಭೆ ಮಾಡಬಹುದಾದ ಅತ್ಯಂತ ಅಗ್ಗದ ಕ್ರೀಡಾ ಪ್ರೋತ್ಸಾಹ.

ಧ್ವನಿವರ್ಧಕದ ವಿಷಯದಲ್ಲಿ ನಿಯಮ ಸ್ಪಷ್ಟವಿದೆ. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಕೊಡಬಹುದಾದ ವಿನಾಯಿತಿಯೊಳಗೆ ಓಣಿಯ ಕ್ರಿಕೆಟ್ ಪಂದ್ಯಾವಳಿ ಬರುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯ ಮಿತಿ 45 ಡೆಸಿಬಲ್. ಆಸ್ಪತ್ರೆ, ಶಾಲೆ ಮತ್ತು ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಈ ಮಿತಿ ಇನ್ನೂ ಕಡಿಮೆ. ರಾತ್ರಿ 10 ದಾಟಿದ ಮೇಲೆ 112ಕ್ಕೆ ಕರೆ ಮಾಡಿ, ಮರುದಿನ ಠಾಣೆಗೆ ಲಿಖಿತ ದೂರನ್ನೂ ಕೊಡಿ. ನಗರಸಭೆಗೆ ಅದರ ಪ್ರತಿ ತಲುಪಿಸಿದರೆ ಆ ಸಂಘಟಕರಿಗೆ ಮುಂದಿನ ಬಾರಿ ಅನುಮತಿ ಕೊಡುವಾಗ ಅದು ದಾಖಲೆಯಾಗಿ ನಿಲ್ಲುತ್ತದೆ.

ಪ್ರಶ್ನೆ: ನನ್ನ ಮಗಳು ಹದಿಮೂರು ವರ್ಷದವಳು, ಓಟದಲ್ಲಿ ಆಸಕ್ತಿಯಿದೆ. ಬೇಸಿಗೆ ಶಿಬಿರಕ್ಕೆ ಸೇರಿಸಬೇಕೆಂದಿದ್ದೇನೆ. ತರಬೇತುದಾರರನ್ನು ಯಾರು ಪರಿಶೀಲಿಸುತ್ತಾರೆ? ಏನಾದರೂ ಅನುಚಿತ ನಡೆದರೆ ಯಾರ ಬಳಿ ಹೋಗಬೇಕು? (ಸಪ್ತಾಪುರ, ಧಾರವಾಡ)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ತಮಗೆ ವಂದನೆಗಳು. ಸೇರಿಸುವ ಮೊದಲೇ ಪ್ರತಿಯೊಬ್ಬ ಪಾಲಕರೂ ಕೇಳಬೇಕಾದದ್ದು ಇದು, ಕೇಳಿದರೆ ತರಬೇತುದಾರರಿಗೆ ಅವಮಾನವೆಂದು ಸುಮ್ಮನಿರುವವರೇ ಹೆಚ್ಚು.

ಇಲಾಖೆ ಅಥವಾ ಕ್ರೀಡಾ ಪ್ರಾಧಿಕಾರ ನಡೆಸುವ ಶಿಬಿರಗಳಲ್ಲಿ ತರಬೇತುದಾರರ ನೇಮಕಕ್ಕೆ ದಾಖಲೆಯಿರುತ್ತದೆ. ಖಾಸಗಿ ಶಿಬಿರಗಳಲ್ಲಿ ಆ ಕೆಲಸವನ್ನು ಪಾಲಕರೂ ಮೈದಾನದ ಮಾಲೀಕರೂ ಸೇರಿ ಮಾಡಬೇಕಾಗುತ್ತದೆ. ಪಾಲಿಕೆಯೋ ಇಲಾಖೆಯೋ ಮೈದಾನ ಕೊಡುವಾಗ ಪ್ರತಿ ತರಬೇತುದಾರರ ಗುರುತಿನ ದಾಖಲೆ, ತರಬೇತಿ ಅರ್ಹತೆಯ ಪ್ರಮಾಣಪತ್ರ ಮತ್ತು ಪೊಲೀಸ್ ಪರಿಶೀಲನಾ ಪತ್ರವನ್ನು ಕಡ್ಡಾಯವಾಗಿ ಕೇಳಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ. ತಾವು ಶಿಬಿರದವರನ್ನು ನೇರವಾಗಿ ಇಷ್ಟು ಕೇಳಿ: ಹೆಣ್ಣುಮಕ್ಕಳ ತಂಡದೊಂದಿಗೆ ಮಹಿಳಾ ತರಬೇತುದಾರರು ಅಥವಾ ಮೇಲ್ವಿಚಾರಕಿ ಇರುತ್ತಾರೆಯೇ, ಬಟ್ಟೆ ಬದಲಿಸಲು ಬಾಗಿಲು ಭದ್ರವಿರುವ ಕೋಣೆ ಮತ್ತು ಬಳಸಬಹುದಾದ ಶೌಚಾಲಯವಿದೆಯೇ, ಬೇರೆ ಊರಿನ ಸ್ಪರ್ಧೆಗೆ ಕರೆದೊಯ್ಯುವಾಗ ಜೊತೆಗೆ ಯಾರು ಹೋಗುತ್ತಾರೆ, ಅಭ್ಯಾಸ ನೋಡಲು ಪಾಲಕರಿಗೆ ಯಾವ ಹೊತ್ತಿನಲ್ಲಾದರೂ ಬರಲು ಅವಕಾಶವಿದೆಯೇ. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದವರ ಬಳಿ ಮಗಳನ್ನು ಕಳಿಸಬೇಡಿ.

ಅನುಚಿತ ವರ್ತನೆ ನಡೆದರೆ ಕಾನೂನು ಬಲವಾಗಿಯೇ ಇದೆ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಿಗೆ ಪೋಕ್ಸೊ ಅಧಿನಿಯಮ 2012 ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಅದರ 19ನೇ ಕಲಮಿನಡಿ ಕಡ್ಡಾಯ. ಸಂಸ್ಥೆಯ ಹೊಣೆ ಹೊತ್ತವರು ಮುಚ್ಚಿಟ್ಟರೆ ಅವರಿಗೂ ಶಿಕ್ಷೆಯಿದೆ. ‘ನಮ್ಮಲ್ಲೇ ಬಗೆಹರಿಸಿಕೊಳ್ಳೋಣ’ ಎಂದು ಹಿರಿಯರು ಕೂತು ಮಾತಾಡಿ ಮುಗಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಲಭ್ಯವಿದೆ. ಜೊತೆಗೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮವು ಕ್ರೀಡಾ ಸಂಸ್ಥೆ, ಕ್ರೀಡಾಂಗಣ ಮತ್ತು ಸ್ಪರ್ಧೆಯ ಸ್ಥಳಗಳನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಚಿಕ್ಕ ಅಕಾಡೆಮಿಗಳ ವಿರುದ್ಧದ ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ವಯಸ್ಕ ಕ್ರೀಡಾಪಟುಗಳಿಗೂ ಈ ದಾರಿ ತೆರೆದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಊರಿನಲ್ಲಿ ಬೇರೆ ಮೈದಾನವಿಲ್ಲ. ಸರ್ಕಾರಿ ಶಾಲೆಯ ಅಂಗಳದಲ್ಲಿ ಸಂಜೆ ಯುವಕ ಸಂಘದವರು ವಾಲಿಬಾಲ್, ಕಬಡ್ಡಿ ಆಡಬೇಕೆಂದಿದ್ದೇವೆ. ಗ್ರಾಮ ಪಂಚಾಯಿತಿ ಅನುಮತಿ ಸಾಕೇ? (ಹಾನಗಲ್ಲ ತಾಲ್ಲೂಕು, ಹಾವೇರಿ ಜಿಲ್ಲೆ)

ಉತ್ತರ: ಸಾಕಾಗದು. ಶಾಲೆಯ ಅಂಗಳ ಶಿಕ್ಷಣ ಇಲಾಖೆಯ ಹೊಣೆಯಲ್ಲಿದೆ. ಮುಖ್ಯೋಪಾಧ್ಯಾಯರ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಅರ್ಜಿ ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೂ ತನ್ನಿ. ಶಾಲೆಯ ವೇಳೆಯ ನಂತರ ಮಾತ್ರ ಬಳಕೆ, ಕಾಂಪೌಂಡು ಮತ್ತು ನೀರಿನ ನಲ್ಲಿಗೆ ಹಾನಿಯಾದರೆ ಸಂಘದ ಹೊಣೆ, ಗುಟಖಾ ಮತ್ತು ಮದ್ಯಕ್ಕೆ ಪೂರ್ಣ ನಿಷೇಧ ಎಂದು ನೀವೇ ಬರೆದುಕೊಟ್ಟರೆ ಒಪ್ಪಿಗೆ ಸುಲಭವಾಗುತ್ತದೆ. ಶಿಕ್ಷಣ ಹಕ್ಕು ಅಧಿನಿಯಮ 2009ರ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ, ಆದ್ದರಿಂದ ಅಂಗಳದ ಮೊದಲ ಹಕ್ಕು ಶಾಲಾ ಮಕ್ಕಳದೇ ಎಂಬುದು ನೆನಪಿರಲಿ. ಪಂಚಾಯಿತಿಯಿಂದ ಕೇಳಬೇಕಾದದ್ದು ಬೇರೆ: ಗ್ರಾಮಕ್ಕೆ ಸ್ವಂತ ಮೈದಾನ. ಗಾವಠಾಣ ಅಥವಾ ಸರ್ಕಾರಿ ಜಮೀನಿನಲ್ಲಿ ಜಾಗ ಗುರುತಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಠರಾವಿಗೆ ಊರಿನ ಹೆಣ್ಣುಮಕ್ಕಳೂ ಕೈ ಎತ್ತುವಂತಾದರೆ ಆ ಮೈದಾನ ಯುವಕ ಸಂಘದ್ದು ಮಾತ್ರ ಆಗದೆ ಊರಿನದಾಗುತ್ತದೆ.

ಪ್ರಶ್ನೆ: ಪಾಲಿಕೆ ಮೈದಾನದಲ್ಲಿ ತುಕ್ಕು ಹಿಡಿದ ಗೋಲ್ ಕಂಬ ಬಿದ್ದು ನನ್ನ ಅಣ್ಣನ ಮಗನ ಕೈ ಮುರಿಯಿತು. ‘ಆಟದಲ್ಲಿ ಪೆಟ್ಟು ಸಹಜ’ ಎಂದು ಎಲ್ಲರೂ ಸುಮ್ಮನಾದರು. ಹೊಣೆ ಯಾರದು? (ಹಳೇ ಹುಬ್ಬಳ್ಳಿ)

ಉತ್ತರ: ಓಡುವಾಗ ಎಡವಿ ಬೀಳುವುದು ಆಟದ ಭಾಗ. ಕಂಬ ಮುರಿದು ಮೈಮೇಲೆ ಬೀಳುವುದು ನಿರ್ವಹಣೆಯ ಲೋಪ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ದಾರಿಹೋಕರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ದೆಹಲಿ ಪಾಲಿಕೆಯನ್ನು ಹೊಣೆಯಾಗಿಸಿತು. ಸಾರ್ವಜನಿಕರು ಓಡಾಡುವ ಕಡೆ ಇರುವ ತನ್ನ ಕಟ್ಟಡವನ್ನು ಆಗಾಗ ಪರೀಕ್ಷಿಸುವುದು ಮಾಲೀಕನ ಕರ್ತವ್ಯ, ಹೊರಗೆ ಕಾಣದ ದೋಷವಿತ್ತು ಎಂಬ ನೆಪ ಸಾಲದು ಎಂಬುದು ಅದರ ತಿರುಳು. ಮೈದಾನದ ಕಂಬ, ಗ್ಯಾಲರಿ ಮತ್ತು ಕಾಂಪೌಂಡು ಗೋಡೆಗಳ ವಿಷಯದಲ್ಲಿಯೂ ಇದೇ ತರ್ಕವನ್ನು ಮುಂದಿಡಬಹುದು.

ಕಂಬದ ಮತ್ತು ಅದರ ಬುಡದ ಛಾಯಾಚಿತ್ರ, ಆಸ್ಪತ್ರೆಯ ದಾಖಲೆ, ಔಷಧದ ಬಿಲ್ಲುಗಳು, ಅಲ್ಲಿದ್ದ ಇಬ್ಬರ ಲಿಖಿತ ಹೇಳಿಕೆ ಇವನ್ನು ಈಗಲೇ ಸಂಗ್ರಹಿಸಿ, ಆಯುಕ್ತರಿಗೆ ಪರಿಹಾರದ ಅರ್ಜಿ ಕೊಡಿ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಮಕ್ಕಳಿಗೆ ಅದಕ್ಕೆ ಆದಾಯದ ಮಿತಿಯೂ ಅಡ್ಡಬರುವುದಿಲ್ಲ. ಉಳಿದ ಕಂಬಗಳು ಬೀಳುವ ಮೊದಲು ತೆಗೆಸಬೇಕೆಂದು ಅದೇ ಅರ್ಜಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಲಿಖಿತ ಎಚ್ಚರಿಕೆ ತಲುಪಿದ ಮೇಲೂ ಪಾಲಿಕೆ ಸುಮ್ಮನಿದ್ದು ಮತ್ತೊಂದು ಮಗುವಿಗೆ ಪೆಟ್ಟಾದರೆ ‘ನಮಗೆ ಗೊತ್ತಿರಲಿಲ್ಲ’ ಎಂದು ಹೇಳಲು ಅದಕ್ಕೆ ಸಾಧ್ಯವಾಗದು.

ಪ್ರಶ್ನೆ: ನಾನು ಗಾಲಿಕುರ್ಚಿ ಬಳಸುತ್ತೇನೆ. ಕ್ರೀಡಾಂಗಣದ ಒಳಗೆ ಹೋಗಲು ಮೆಟ್ಟಿಲುಗಳಷ್ಟೇ ಇವೆ. (ಹಾವೇರಿ)

ಉತ್ತರ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 30ನೇ ಕಲಮು ಕ್ರೀಡಾ ಚಟುವಟಿಕೆಗಳಲ್ಲಿ ತಮ್ಮಂಥವರ ಭಾಗವಹಿಸುವಿಕೆಯನ್ನು ಸರ್ಕಾರ ಮತ್ತು ಕ್ರೀಡಾ ಪ್ರಾಧಿಕಾರಗಳ ಕರ್ತವ್ಯವಾಗಿಸಿದೆ. ಕ್ರೀಡಾಂಗಣದ ಮೂಲಸೌಕರ್ಯವನ್ನು ಅದಕ್ಕೆ ತಕ್ಕಂತೆ ರೂಪಿಸುವುದೂ ಅದರಲ್ಲಿ ಸೇರಿದೆ. ಇಳಿಜಾರು ಹಾದಿ ಮತ್ತು ತಕ್ಕ ಶೌಚಾಲಯಕ್ಕಾಗಿ ಮೈದಾನದ ಮಾಲೀಕ ಸಂಸ್ಥೆಗೆ ಅರ್ಜಿ ಕೊಡಿ. ಸ್ಪಂದನೆ ಸಿಗದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಸಲ್ಲಿಸಿ. ತಾವು ಆಡಬಯಸುವ ಆಟ ಯಾವುದು, ವಾರದಲ್ಲಿ ಯಾವ ಹೊತ್ತು ಬರಬಲ್ಲಿರಿ ಎಂಬುದನ್ನೂ ಅರ್ಜಿಯಲ್ಲಿ ಬರೆಯಿರಿ. ವೇಳಾಪಟ್ಟಿಯಲ್ಲಿ ತಮಗೆ ನಿಗದಿಯಾದ ಹೊತ್ತು ಇದ್ದರೆ ಮಾತ್ರ ಇಳಿಜಾರು ಕಟ್ಟಿದ್ದು ಉಪಯೋಗಕ್ಕೆ ಬರುತ್ತದೆ.